ಲಾವಣಿಗೆ ಕೊಟ್ಟ ಸಲಹೆ

ಹಳ್ಳಿಯಿಂದ ಬಂದು ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದವರಿಗೆಲ್ಲ ಸಂಬಳ ಇಲ್ಲದ ಇನ್ನೊಂದು ಕೆಲಸ ಇರುತ್ತೆ. ಸಲಹೆ ಕೊಡೋದು. ಪಿಯುಸಿ ರಿಸಲ್ಟ್ ಬಂದ ವಾರ ಫೋನ್ ಶುರುವಾಗುತ್ತೆ. ಸೋದರತ್ತೆಯ ಮೊಮ್ಮಗ, ದೊಡ್ಡಪ್ಪನ ಬೀಗರ ಮಗಳು, ಓಣಿಯ ಮಾಸ್ತರರ ಮಗ. "ಮುಂದ ಏನ್ ಓದಸೂಣು? ನೀವ ಹೇಳ್ರಿ." ನಾವು ಮೀಟಿಂಗ್ ನಡುವೆ ಮ್ಯೂಟ್ ಒತ್ತಿ, ಎರಡು ನಿಮಿಷದಲ್ಲಿ ಒಂದು ಮಗುವಿನ ನಲವತ್ತು ವರ್ಷದ ದಾರಿ ಹೇಳಿಬಿಡ್ತೀವಿ. "ಕಂಪ್ಯೂಟರ್ ಸೈನ್ಸ್ ಹಾಕ್ರಿ. ಸಿಗಲಿಲ್ಲಂದ್ರ ಇನ್ಫರ್ಮೇಶನ್ ಸೈನ್ಸ್." ಆಮೇಲೆ ಅನ್‌ಮ್ಯೂಟ್ ಒತ್ತಿ ಸ್ಪ್ರಿಂಟ್ ಪ್ಲ್ಯಾನಿಂಗಿಗೆ ವಾಪಸ್.

ನಾನೂ ಹತ್ತು ಹನ್ನೆರಡು ವರ್ಷ ಹೀಗೇ ಮಾಡಿದೆ. ಹೋದ ವರ್ಷ ಅಕ್ಕನ ಮಗಳ ವಿಷಯದಲ್ಲಿ ಸಿಕ್ಕಿಬಿದ್ದೆ. ಅವತ್ತಿಂದ ಒಂದು ಪ್ರಶ್ನೆ ತಲೆಯಿಂದ ಹೋಗಿಲ್ಲ. ನಷ್ಟ ಆದರೆ ನನ್ನ ಜೇಬಿಂದ ಒಂದು ರೂಪಾಯಿಯೂ ಹೋಗದ ವಿಷಯದಲ್ಲಿ ಸಲಹೆ ಕೊಡೋದು ಸರಿಯಾ?

ಅಕ್ಕ ಇರೋದು ನವಲಗುಂದ ತಾಲೂಕಿನ ಹಳ್ಳಿಯಲ್ಲಿ. ಭಾವನಿಗೆ ಆರು ಎಕರೆ ಎರಿ ಹೊಲ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಜೋಳ. ಧೈರ್ಯ ಬಂದ ವರ್ಷ ಹತ್ತಿ. ಮಗಳು ಹುಬ್ಬಳ್ಳಿಯಲ್ಲಿ ಹಾಸ್ಟೆಲಿನಲ್ಲಿದ್ದು ಸೈನ್ಸ್ ಓದಿದಳು. ಸಿಇಟಿ ರ‍್ಯಾಂಕ್ ಚೆನ್ನಾಗಿ ಬಂತು. ಹುಬ್ಬಳ್ಳಿಯಲ್ಲೇ ಕಂಪ್ಯೂಟರ್ ಸೈನ್ಸ್ ಸಿಗುವಷ್ಟು. ಮನೆಯಲ್ಲಿ ಪೇಡೆ ಹಂಚುವ ಹೊತ್ತಿಗೆ ಹುಡುಗಿ ಹೇಳಿದಳಂತೆ, ನಾನು ಇಂಜಿನಿಯರಿಂಗ್ ಓದಲ್ಲ, ಎಕನಾಮಿಕ್ಸ್ ಮತ್ತು ಫೈನಾನ್ಸ್ ಓದ್ತೀನಿ ಅಂತ. ಯಾರಿಗೂ ಹೇಳದೆ ಆನ್‌ಲೈನ್ ಪರೀಕ್ಷೆ ಬರೆದು, ಇಂಟರ್‌ವ್ಯೂ ಕೊಟ್ಟು, ರಾಜ್ಯದ ಹೊರಗಿನ ಒಂದು ಖಾಸಗಿ ಲಿಬರಲ್ ಆರ್ಟ್ಸ್ ಯೂನಿವರ್ಸಿಟಿಯಿಂದ ಆಫರ್ ಲೆಟರ್ ತರಿಸಿಕೊಂಡಿದ್ದಳು.

"ಲಿಬರಲ್ ಆರ್ಟ್ಸ್ ಅಂದ್ರ ಚಿತ್ರಾ ತಗಿಯೋದೇನು?" ಅಂತ ಭಾವ ಕೇಳಿದರು. ನಗಬೇಡಿ. ನನ್ನ ಟೀಮಿನ ಅರ್ಧ ಜನಕ್ಕೂ ಅಷ್ಟೇ ಗೊತ್ತು. ನಮ್ಮ ಕಡೆ ಬಿಎ ಅಂದರೆ ಬೇರೇನೂ ಸಿಗದವರು ಹೋಗುವ ಜಾಗ ಅನ್ನೋ ಭಾವನೆ ಇದೆ. ಈ ಕೋರ್ಸಿನಲ್ಲಿ ಮೊದಲ ವರ್ಷ ಎಲ್ಲರೂ ಇತಿಹಾಸ, ತತ್ವಶಾಸ್ತ್ರ, ಗಣಿತ, ಬರವಣಿಗೆ ಓದಬೇಕು. ಆಮೇಲೆ ಮುಖ್ಯ ವಿಷಯ. ಎಕನಾಮಿಕ್ಸಿನಲ್ಲಿ ಬೆಲೆ ಯಾಕೆ ಏರುತ್ತೆ, ಕೂಲಿ ಯಾಕೆ ಇಳಿಯುತ್ತೆ, ತೆರಿಗೆ ಯಾರ ಮೇಲೆ ಬೀಳುತ್ತೆ ಅನ್ನೋದು. ಫೈನಾನ್ಸಿನಲ್ಲಿ ಸಾಲ, ಬಡ್ಡಿ, ಷೇರು, ವಿಮೆ, ಅಂದರೆ ನಾಳೆಯ ದುಡ್ಡಿಗೆ ಇವತ್ತು ಬೆಲೆ ಕಟ್ಟೋದು. ಇದೆಲ್ಲ ಒಂದೇ ಸೂರಿನಡಿ ಇರೋದು ಹೊಸ ಫ್ಯಾಷನ್ ಏನಲ್ಲ. ಅರ್ಥಶಾಸ್ತ್ರದ ಅಪ್ಪ ಅನ್ನಿಸಿಕೊಂಡ ಆಡಂ ಸ್ಮಿತ್ ಗ್ಲಾಸ್ಗೊದಲ್ಲಿ ಕಲಿಸುತ್ತಿದ್ದದ್ದು ನೀತಿಶಾಸ್ತ್ರ. ಅವನ ನೀತಿಯ ಪುಸ್ತಕ ಬಂದದ್ದು 1759ರಲ್ಲಿ, ಸಂಪತ್ತಿನ ಪುಸ್ತಕ 1776ರಲ್ಲಿ.

ತೊಂದರೆ ಇದ್ದದ್ದು ವಿಷಯದಲ್ಲಿ ಅಲ್ಲ, ಶುಲ್ಕದಲ್ಲಿ. ಹಾಸ್ಟೆಲ್ ಸೇರಿ ವರ್ಷಕ್ಕೆ ಹನ್ನೊಂದು ಲಕ್ಷ. ಮನೆಯ ಆದಾಯ ನೋಡಿ ಅವರು ಅರ್ಧಕ್ಕಿಂತ ಹೆಚ್ಚು ಬಿಟ್ಟಿದ್ದರು. ಉಳಿದದ್ದು ನಾಲ್ಕೂವರೆ ಲಕ್ಷ. ಮೂರು ವರ್ಷಕ್ಕೆ ಹದಿಮೂರೂವರೆ. ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಅಡಮಾನ ಕೇಳುತ್ತವೆ. ಅಡ ಇಡಲಿಕ್ಕೆ ಭಾವನ ಹತ್ತಿರ ಇದ್ದದ್ದು ಹೊಲ ಒಂದೇ. ಮಾರೋದೋ, ಇಡೋದೋ ಅಂತ ಮನೆಯಲ್ಲಿ ಎರಡು ದಿನ ಊಟ ಸರಿಯಾಗಿರಲಿಲ್ಲವಂತೆ. ಅಕ್ಕ ಫೋನ್ ಮಾಡಿದಳು. "ತಮ್ಮಾ, ನೀ ಒಂದ್ ಮಾತ್ ಹೇಳು. ಇವ್ರು ನಿನ್ ಮಾತ್ ಮೀರೂದಿಲ್ಲ."

ನಾನು ಹೇಳಿದೆ. ಎಂದಿನ ಹಾಗೆ ಎರಡು ನಿಮಿಷದಲ್ಲಿ. "ಬ್ಯಾಡ ಅಕ್ಕಾ. ಸಿಎಸ್ ಸಿಗಾಕತ್ತೈತಿ, ಸುಮ್ನ ತಗೊಳ್ಳಲಿ. ಎಕನಾಮಿಕ್ಸ್ ಇಷ್ಟ ಇದ್ರ ಆಮ್ಯಾಲ ಎಂಬಿಎ ಮಾಡ್ಲಿ." ನನ್ನ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿದಿತ್ತು.

ರಾತ್ರಿ ಹತ್ತು ಗಂಟೆಗೆ ಹುಡುಗಿಯ ಮೆಸೇಜ್ ಬಂತು. ಮಾತಿಲ್ಲ, ಒಂದು ಸ್ಕ್ರೀನ್‌ಶಾಟ್. ಮೂರು ವಾರದ ಹಿಂದೆ ನನ್ನ ಹಳೇ ಮ್ಯಾನೇಜರ್ ಲಿಂಕ್ಡ್‌ಇನ್‌ನಲ್ಲಿ ಹಾಕಿದ್ದರು, ಮಗಳು ಇಂಥದ್ದೇ ಇನ್ನೊಂದು ಯೂನಿವರ್ಸಿಟಿಗೆ ಎಕನಾಮಿಕ್ಸ್ ಓದಲು ಹೋಗ್ತಿದ್ದಾಳೆ ಅಂತ. ಕೆಳಗೆ ನನ್ನ ಕಾಮೆಂಟ್. ಇಷ್ಟದ ಹಾದಿ ಹಿಡಿದವರನ್ನ ನೋಡಿದರೆ ಖುಷಿಯಾಗುತ್ತೆ, ನಮ್ಮ ಕಾಲದಲ್ಲಿ ಇಂಥ ಅವಕಾಶ ಇರಲಿಲ್ಲ ಅಂತೆಲ್ಲ ಬರೆದಿದ್ದೆ. ಕೊನೆಗೆ ಮೂರು ಚಪ್ಪಾಳೆ. ಹುಡುಗಿ ಒಂದೇ ಸಾಲು ಸೇರಿಸಿದಳು: "ಮಾಮಾ, ಆಕಿಗೆ ಛಲೋ ಆಗಿದ್ದು ನನಗ ಯಾಕ ಬ್ಯಾಡ?"

ನಾನು ತಕ್ಷಣ ಉತ್ತರ ಬರೆಯಲಿಲ್ಲ. ನಾಚಿಕೆಗಿಂತ ಸಿಟ್ಟು ಹೆಚ್ಚು ಬಂದಿತ್ತು. ಯಾಕೆಂದರೆ ನನ್ನ ಹತ್ತಿರ ಉತ್ತರ ಇತ್ತು. ಮ್ಯಾನೇಜರಿಗೆ ವೈಟ್‌ಫೀಲ್ಡಿನಲ್ಲಿ ಎರಡು ಮನೆ. ಮಗಳು ಮೂರು ವರ್ಷ ಓದಿ ಕೆಲಸ ಸಿಗದಿದ್ದರೆ ಇನ್ನೆರಡು ವರ್ಷ ವಿದೇಶದಲ್ಲಿ ಓದುತ್ತಾಳೆ. ಅಲ್ಲೂ ಆಗದಿದ್ದರೆ ಮನೆಗೆ ಬಂದು ಒಂದು ವರ್ಷ ಯೋಚನೆ ಮಾಡ್ತಾಳೆ. ನಮ್ಮ ಹುಡುಗಿ ಸೋತರೆ ಹೊಲ ಹೋಗುತ್ತೆ. ಆಟ ಒಂದೇ ಇರಬಹುದು, ಸೋಲು ಒಂದೇ ಅಲ್ಲ. ಅದಕ್ಕೇ ಇಬ್ಬರಿಗೆ ಎರಡು ಮಾತು ಹೇಳೋದು ಆಷಾಢಭೂತಿತನ ಅಲ್ಲ, ವಿವೇಕ. ಹೀಗಂತ ನನ್ನನ್ನು ನಾನೇ ಒಪ್ಪಿಸಿಕೊಂಡೆ.

ಈ ವಾದಕ್ಕೆ ದೊಡ್ಡವರ ಬೆಂಬಲವೂ ಇದೆ. ಎಂಜಿನಿಯರಿಂಗ್‌ನಲ್ಲಿ ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದವರಿಗೆ ಡೇನಿಯಲ್ ಬರ್ನೂಲಿ ಹೆಸರು ಗೊತ್ತಿರುತ್ತೆ. ಅದೇ ಮನುಷ್ಯ 1738ರಲ್ಲಿ ದುಡ್ಡಿನ ಬಗ್ಗೆ ಒಂದು ಪ್ರಬಂಧ ಬರೆದ. ಅದರಲ್ಲಿ ಒಬ್ಬ ಬಡವ ಬರ್ತಾನೆ. ಅವನ ಕೈಗೆ ಹೇಗೋ ಒಂದು ಲಾಟರಿ ಟಿಕೆಟ್ ಸಿಕ್ಕಿದೆ. ಗೆದ್ದರೆ 20,000 ಡುಕಾಟ್, ಸೋತರೆ ಏನೂ ಇಲ್ಲ, ಎರಡಕ್ಕೂ ಸಮ ಅವಕಾಶ. ಲೆಕ್ಕದ ಪ್ರಕಾರ ಟಿಕೆಟ್ಟಿನ ಬೆಲೆ 10,000. ಯಾರಾದರೂ 9,000 ಕೊಟ್ಟರೆ ಬಡವ ಮಾರಿಬಿಡಬೇಕಾ? ಮಾರೋದೇ ಜಾಣತನ ಅಂತಾನೆ ಬರ್ನೂಲಿ. ಇರುವವನಿಗೆ ಸಾವಿರ ರೂಪಾಯಿ ಹೋದರೆ ಒಂದು ಲೆಕ್ಕ, ಇಲ್ಲದವನಿಗೆ ಹೋದರೆ ಬೇರೆಯೇ ಲೆಕ್ಕ. ನಮ್ಮ ಕಡೆಯ ರೈತರಿಗೆ ಇದನ್ನ ಪ್ರಬಂಧ ಬರೆದು ಹೇಳಬೇಕಿಲ್ಲ. ಹತ್ತಿಗೆ ಎಷ್ಟೇ ರೇಟ್ ಇರಲಿ, ಮನೆಯ ರೊಟ್ಟಿಗೆ ಬೇಕಾದಷ್ಟು ಬಿಳಿಜೋಳ ಬಿತ್ತಿಯೇ ಉಳಿದ ಹೊಲದ ಮಾತು.

ಸರಿ, ನಾನು ಗೆದ್ದೆ ಅಂದುಕೊಂಡೆ. ಆದರೂ ಸಮಾಧಾನ ಇರಲಿಲ್ಲ. ಶುಕ್ರವಾರ ರಾತ್ರಿ ಬಸ್ ಹತ್ತಿ ಊರಿಗೆ ಹೋದೆ.

ಅಪ್ಪನಿಗೆ ಈಗ ಎಪ್ಪತ್ತು ಸಮೀಪ. ಮಂಡಿನೋವು ಬಂದ ಮೇಲೆ ಹೊಲಕ್ಕೆ ಹೋಗೋದು ಕಡಿಮೆ. ಹೊಲವನ್ನ ಓಣಿಯ ಒಬ್ಬರಿಗೆ ಪಾಲಿಗೆ ಕೊಟ್ಟಿದ್ದಾರೆ. ಆ ವರ್ಷ ಇನ್ನೊಬ್ಬರು ಬಂದು, ಪಾಲು ಯಾಕೆ, ಲಾವಣಿಗೆ ಕೊಡ್ರಿ, ಎಕರೆಗೆ ಇಷ್ಟು ಅಂತ ಯುಗಾದಿಗೇ ಕೈಗೆ ಇಡ್ತೀನಿ ಅಂದಿದ್ದರಂತೆ. ಅಪ್ಪ ಒಪ್ಪಿರಲಿಲ್ಲ. ನಾನು ಬೆಂಗಳೂರಿನ ಜಾಣ ಅಲ್ವಾ, ಕೇಳಿದೆ. ನಿಕ್ಕಿ ದುಡ್ಡು ಬಿಟ್ಟು ಮಳೆ ನಂಬಿದ ಪಾಲು ಯಾಕಪ್ಪಾ?

ಇಲ್ಲಿ ದಕ್ಷಿಣದ ಓದುಗರಿಗೆ ಒಂದು ಮಾತು. ನಮ್ಮಲ್ಲಿ ಲಾವಣಿ ಅಂದರೆ ಹಾಡು ಮಾತ್ರ ಅಲ್ಲ. ಹೊಲವನ್ನ ವರ್ಷಕ್ಕೆ ಇಷ್ಟು ದುಡ್ಡು ಅಂತ ಮಾತಾಡಿ ಉಳಲಿಕ್ಕೆ ಕೊಡೋದಕ್ಕೂ ಲಾವಣಿ ಅಂತಾರೆ. ಮಳೆ ಬರಲಿ, ಬಿಡಲಿ, ಲಾವಣಿ ದುಡ್ಡು ಕೊಡಲೇಬೇಕು. ಪಾಲು ಅಂದರೆ ಬೇರೆ. ಬೀಜ, ಗೊಬ್ಬರದ ಖರ್ಚಿನಲ್ಲಿ ಇಬ್ಬರೂ ಕೈಹಾಕಿ ಬೆಳೆಯನ್ನ ಹಂಚಿಕೊಳ್ಳೋದು. ಬಂದರೆ ಇಬ್ಬರಿಗೂ ಬಂತು, ಹೋದರೆ ಇಬ್ಬರದೂ ಹೋಯಿತು. ಎರಡೂ ಬಾಯಿಮಾತಿನ ವ್ಯವಹಾರ. 1974ರ ಭೂ ಸುಧಾರಣೆ ತಿದ್ದುಪಡಿ ಗೇಣಿ ಪದ್ಧತಿಯನ್ನ ರದ್ದು ಮಾಡಿದ ಮೇಲೆ ಇದಕ್ಕೆ ಕಾಗದ ಮಾಡೋರು ಇಲ್ಲ. ಉತಾರದಲ್ಲಿ ಮಾಲೀಕನ ಹೆಸರೇ ಇರುತ್ತೆ. ಹಾಗಾಗಿ ಲಾವಣಿಗೆ ಮಾಡಿದವನಿಗೆ ಬೆಳೆ ಸಾಲಕ್ಕೂ, ಬೆಳೆ ವಿಮೆಗೂ, ಬರ ಪರಿಹಾರಕ್ಕೂ ತನ್ನ ಹೆಸರಲ್ಲಿ ಹೋಗೋದು ಕಷ್ಟ.

ಅಪ್ಪ ಹೇಳಿದರು: "ಮಳಿ ಇಬ್ಬರದೂ ಆಗಬೇಕು. ಒಬ್ಬನ ಮ್ಯಾಲ ಹಾಕಬಾರದು."

ಅಷ್ಟೇ ಹೇಳಿ ಸುಮ್ಮನಾದರು. ನನಗೆ ಉಳಿದದ್ದು ನೆನಪಾಯಿತು. 2001ರಿಂದ ಮೂರು ವರ್ಷ ಕರ್ನಾಟಕದಲ್ಲಿ ಸಾಲಾಗಿ ಬರ ಬಿತ್ತು. ಅಪ್ಪ ನಮ್ಮ ಹೊಲದ ಜೊತೆಗೆ ಇನ್ನೊಬ್ಬರ ಎಂಟು ಎಕರೆಯನ್ನ ಲಾವಣಿಗೆ ಹಿಡಿದಿದ್ದರು. ಹೆಸರು ಮೊಳಕೆಯಲ್ಲೇ ಒಣಗಿತು. ಕಡಲೆ ಬಿತ್ತಲಿಕ್ಕೆ ಹಸಿಯೇ ಇರಲಿಲ್ಲ. ಲಾವಣಿ ಮಾತ್ರ ಕೊಡಬೇಕಿತ್ತು. ಹೊಲದ ಮಾಲೀಕರು ಕೆಟ್ಟವರಲ್ಲ. ಮನೆಗೆ ಬಂದು, ನೀರು ಕುಡಿದು, ಬರದ ಬಗ್ಗೆ ಮರುಗಿ, ದುಡ್ಡು ತಗೊಂಡು ಹೋದರು. ಮಾತು ಹಾಗೇ ಆಗಿತ್ತು. ಅವ್ವನ ಗುಂಡಿನ ಸರ ಆ ವರ್ಷ ಹೋಯಿತು.

ಇನ್ನೊಂದೂ ಹೋಯಿತು. ಅದನ್ನ ನಮ್ಮ ಮನೆಯಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯೋದಿಲ್ಲ. ಅಕ್ಕ ಆ ವರ್ಷ ಎಸ್ಸೆಸ್ಸೆಲ್ಸಿ. ಶಾಲೆಗೇ ಮೊದಲು ಬಂದಿದ್ದಳು, ಗಣಿತದಲ್ಲಿ ನನಗಿಂತ ಚುರುಕು. ನವಲಗುಂದದ ಕಾಲೇಜಿಗೆ ಬಸ್ ಪಾಸ್, ಪುಸ್ತಕ, ಫೀಸು. ಇಬ್ಬರು ಮಕ್ಕಳಲ್ಲಿ ಒಬ್ಬರನ್ನ ಓದಿಸಬಹುದಿತ್ತು. ಯಾರು ಅಂತ ಯಾರೂ ಕೇಳಲಿಲ್ಲ. ಅಕ್ಕ ಕಳೆ ತೆಗೆಯಲು ಹೋದಳು. ಮೂರು ವರ್ಷಕ್ಕೆ ಮದುವೆ. ನಾನು ಪಿಯುಸಿ ಮುಗಿಸಿ, ಸಿಇಟಿಯಲ್ಲಿ ಸೀಟು ಹಿಡಿದು, ಬಿಇ ಮಾಡಿ ಇಲ್ಲಿಗೆ ಬಂದೆ. ನನ್ನ ಓದಿಗೆ ಅಪ್ಪ ಒಂದು ಎಕರೆ ಮಾರಿದ್ದನ್ನ ನಾನು ಎಲ್ಲರ ಮುಂದೆ ಹೇಳ್ತೀನಿ, ಕಣ್ಣಲ್ಲಿ ನೀರು ಬರುತ್ತೆ. ಅಕ್ಕ ಬಿಟ್ಟ ಓದನ್ನ ಮಾತ್ರ ಹೇಳಿರಲಿಲ್ಲ. ಅದಕ್ಕೆ ಉತಾರ ಇಲ್ಲ ನೋಡಿ.

ಅವತ್ತು ಅಪ್ಪನ ಮಾತು ಕೇಳಿ ಕಟ್ಟೆಯ ಮೇಲೆ ಕೂತಾಗ ಬರ್ನೂಲಿಯ ಕಥೆಯ ಉಳಿದರ್ಧ ನೆನಪಿಗೆ ಬಂತು. ನಾನು ಅರ್ಧ ಮಾತ್ರ ಬಳಸಿದ್ದೆ. ಬಡವ ಟಿಕೆಟ್ ಮಾರೋದು ಜಾಣತನ ಅಂತ ಹೇಳಿ ಅವನು ನಿಲ್ಲಿಸೋದಿಲ್ಲ. ಅದೇ ಟಿಕೆಟ್ಟನ್ನ 9,000ಕ್ಕೆ ಕೊಳ್ಳದ ಸಾಹುಕಾರ ದಡ್ಡ ಅಂತಲೂ ಹೇಳ್ತಾನೆ. ಅಂದರೆ ಲೆಕ್ಕ ಹೇಳೋದು ಬಡವರು ಅಪಾಯದ ಹತ್ತಿರ ಹೋಗಬಾರದು ಅಂತ ಅಲ್ಲ. ಅಪಾಯ ಹೊರುವ ಶಕ್ತಿ ಇರುವವನ ಹೆಗಲಿಗೆ ಹೋಗಬೇಕು ಅಂತ. ನಾನು "ನಿನಗೆ ರಿಸ್ಕ್ ಜಾಸ್ತಿ, ಬೇಡ" ಅಂದಾಗ ಹೇಳದೆ ಬಿಟ್ಟ ಮಾತು ಇತ್ತು. "ನಾನಂತೂ ಅದರಲ್ಲಿ ಪಾಲು ತಗೊಳ್ಳಲ್ಲ" ಅನ್ನೋ ಮಾತು. ಅದನ್ನ ವಿವೇಕ ಅಂತ ಕರೆದುಕೊಂಡಿದ್ದೆ.

ನಾವು ಸಲಹೆ ಕೊಡೋದೆಲ್ಲ ಲಾವಣಿ ಲೆಕ್ಕದಲ್ಲಿ. ನಮಗೆ ಬರಬೇಕಾದ ಮರ್ಯಾದೆ ನಿಕ್ಕಿ. ಹುಡುಗ ಸಿಎಸ್ ಓದಿ ಕೆಲಸ ಹಿಡಿದರೆ ಮಾಮಾ ಹೇಳಿದ್ದು ಸರಿಯಾಯಿತು. ಸಿಎಸ್ ಓದಿ, ಕೋಡಿಂಗ್ ಹಿಡಿಸದೆ ನಾಲ್ಕು ಬ್ಯಾಕ್ ಉಳಿಸಿಕೊಂಡು ಮನೆಯಲ್ಲಿ ಕೂತರೆ ಹುಡುಗನದೇ ತಪ್ಪು. ಬೇರೆ ಏನೋ ಓದಿ ಸೋತರೆ, ನಾನು ಮೊದಲೇ ಹೇಳಿದ್ದೆ. ಯಾವ ಮಳೆಗೂ ನಮ್ಮ ಲಾವಣಿ ತಪ್ಪೋದಿಲ್ಲ. ಅದಕ್ಕೇ ಸುರಕ್ಷಿತ ದಾರಿ ಹೇಳೋದು ನಮಗೆ ಅಷ್ಟು ಸುಲಭ. ಅದು ಮಗುವಿಗೆ ಸುರಕ್ಷಿತವೋ ಗೊತ್ತಿಲ್ಲ. ಹೇಳುವವನಿಗಂತೂ ಪೂರ್ತಿ ಸುರಕ್ಷಿತ.

ನಮ್ಮ ತಾಲೂಕಿಗೆ ಇದರ ದೊಡ್ಡ ರೂಪವೂ ಗೊತ್ತಿದೆ. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ, ಕಾಲುವೆ ತೋಡಿದ ಮೇಲೆ ಸರ್ಕಾರ ರೈತರ ಮೇಲೆ ಬೆಟರ್‌ಮೆಂಟ್ ಲೆವಿ ಹಾಕಿತು. ಅದರ ಹಿಂದಿನ ತರ್ಕ ಪುಸ್ತಕದಲ್ಲಿ ನೋಡಿದರೆ ತಪ್ಪಲ್ಲ. ಕಾಲುವೆಯಿಂದ ಹೊಲದ ಬೆಲೆ ಏರಿತಲ್ಲ, ಆ ಏರಿಕೆಯಲ್ಲಿ ಸ್ವಲ್ಪ ಕೊಡಿ. ಆದರೆ ನೀರು ಎಲ್ಲರ ಹೊಲಕ್ಕೆ ಮುಟ್ಟಿರಲಿಲ್ಲ, ಹತ್ತಿಯ ಬೆಲೆ ಕುಸಿದಿತ್ತು, ಕರ ಮಾತ್ರ ನಿಂತಿರಲಿಲ್ಲ. 1980ರ ಜುಲೈ 21ರಂದು ನವಲಗುಂದ, ನರಗುಂದದಲ್ಲಿ ಗೋಲಿಬಾರ್ ಆಯಿತು. ರೈತರ ಹೆಣ ಬಿದ್ದವು, ನರಗುಂದದಲ್ಲಿ ಪೊಲೀಸರೂ ಸತ್ತರು. ಆ ಕಿಚ್ಚಿನಿಂದಲೇ ಅದೇ ವರ್ಷ ರಾಜ್ಯ ರೈತ ಸಂಘ ಹುಟ್ಟಿತು. ಇವತ್ತಿಗೂ ಆ ದಿನ ನಮ್ಮ ಕಡೆ ಹುತಾತ್ಮ ರೈತರ ದಿನ. ಚಿಕ್ಕಂದಿನಿಂದ ಈ ಕಥೆ ಕೇಳಿದ್ದೆ. ಅದೂ ಲಾವಣಿಯ ಜಗಳ ಅಂತ ಹೊಳೆದದ್ದು ಆ ಕಟ್ಟೆಯ ಮೇಲೆ. ಸರ್ಕಾರ ಲಾಭದ ಲೆಕ್ಕ ಹಾಕಿತು. ಮಳೆ, ನೀರು, ಮಾರುಕಟ್ಟೆಯ ಹೊರೆಯನ್ನೆಲ್ಲ ರೈತನ ಮೇಲೆ ಬಿಟ್ಟಿತು.

ಸಂಜೆ ಹುಡುಗಿಯ ಜೊತೆ ಮಾತಾಡಲು ಕೂತೆ. ಮೊದಲು ಧಾರವಾಡದ ಮಾತು ತೆಗೆದೆ. ಕರ್ನಾಟಕ ಕಾಲೇಜು 1917ರಿಂದ ಇದೆ, ಬಿಎ ಎಕನಾಮಿಕ್ಸ್ ಅಲ್ಲೂ ಇದೆ, ಫೀಸು ಸಾವಿರಗಳಲ್ಲಿ. ಡಿ.ಎಂ. ನಂಜುಂಡಪ್ಪನವರು ಕಲಿಸಿದ ಊರು ಅದು. 2002ರಲ್ಲಿ ರಾಜ್ಯದ 175 ತಾಲೂಕುಗಳನ್ನ ಅಳೆದು 114 ಹಿಂದುಳಿದಿವೆ ಅಂತ ವರದಿ ಕೊಟ್ಟವರು ಅವರು. ಅರ್ಥಶಾಸ್ತ್ರ ಕಲಿಯಲು ಅಷ್ಟು ದೂರ ಯಾಕೆ? ಹುಡುಗಿ ಈ ಮಾತನ್ನ ತಳ್ಳಿಹಾಕಲಿಲ್ಲ. ಅಲ್ಲಿಗೂ ಅರ್ಜಿ ಹಾಕ್ತೀನಿ ಅಂದಳು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ಯೂನಿವರ್ಸಿಟಿಗೂ ಬರೆದಿದ್ದೆ, ಸಿಗಲಿಲ್ಲ ಅಂದಳು. ಆಮೇಲೆ ಹೇಳಿದಳು: "ಮಾಮಾ, ನಂಗ ಎಕನಾಮಿಕ್ಸ್ ಅಷ್ಟ ಅಲ್ಲ, ಫೈನಾನ್ಸೂ ಬೇಕು, ಹಿಸ್ಟರಿನೂ ಬೇಕು. ಬೆಳಿ ವಿಮಾದ ಕಾಗದ ಅಪ್ಪಾ ಓದಾಕ ಬರೂದಿಲ್ಲ ಅಂತ ನನಗ ಕೊಡ್ತಾನ. ನಂಗೂ ತಿಳಿಯೂದಿಲ್ಲ. ಅದನ್ನ ಬರದವ್ರು ಯಾರು, ಹಂಗ ಯಾಕ ಬರದ್ರು, ಅದನ್ನ ತಿಳಕೋಬೇಕು."

ಅವಳ ಮಾತು ಸುಳ್ಳಲ್ಲ. ಫಸಲ್ ಬಿಮಾ ಬಂದ 2016ರಿಂದ ಮುಂಗಾರು ಆಹಾರ ಬೆಳೆಗೆ ರೈತನ ಕಂತು ಶೇಕಡಾ 2, ಹಿಂಗಾರಿಗೆ ಒಂದೂವರೆ. ಕಂತು ಕಡಿಮೆಯೇ. ಆದರೆ ಬೆಳೆ ಇಳುವರಿಯ ನಷ್ಟವನ್ನ ಒಂದೊಂದು ಹೊಲಕ್ಕೆ ಅಳೆಯೋದಿಲ್ಲ, ಪಂಚಾಯಿತಿಗೋ ಹೋಬಳಿಗೋ ಸೇರಿಸಿ ಸರಾಸರಿ ತೆಗೀತಾರೆ. ನನ್ನ ಹೊಲ ಒಣಗಿ, ಊರಿನ ಸರಾಸರಿ ಚೆನ್ನಾಗಿದ್ದರೆ ಪರಿಹಾರ ಇಲ್ಲ. ಭಾವ ಇದನ್ನ ಮೋಸ ಅಂತಾರೆ. ನಾನು ರೂಲು ಅಂತೀನಿ. ಇವಳು ಯಾಕೆ ಅಂತ ಕೇಳ್ತಾಳೆ. ಮೂವರಲ್ಲಿ ಓದಬೇಕಾದವರು ಯಾರು ಅನ್ನೋದು ಅಲ್ಲಿಗೆ ನನಗೆ ಗೊತ್ತಾಯಿತು.

ನಾನು ಹೇಳಿದೆ. ಹೊಲ ಮಾರೋದೂ ಬೇಡ, ಇಡೋದೂ ಬೇಡ. ಸಾಲಕ್ಕೆ ನಾನು ಸಹಿ ಹಾಕ್ತೀನಿ, ನನ್ನ ಫ್ಲಾಟು ಅಡ ಇರಲಿ. ನಿನಗೆ ಕೆಲಸ ಸಿಕ್ಕರೆ ನೀನು ತೀರಿಸು. ಸಿಗದಿದ್ದರೆ, ಕಡಿಮೆ ಬಂದರೆ, ಅರ್ಧ ನನ್ನದು. ನನ್ನ ಸಲಹೆ ಇನ್ನು ಪಾಲಿನ ಲೆಕ್ಕದಲ್ಲಿ. ಹೇಳುವಾಗ ನನಗೆ ನನ್ನ ಮೇಲೇ ಹೆಮ್ಮೆ ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಹುಡುಗಿ ಖುಷಿಯಾಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಪಾಲಿಗೆ ಕೊಟ್ಟ ಮಾಲಕ ಏನ್ ಬಿತ್ತಬೇಕಂತ ಹೇಳ್ತಾನಲ್ಲ ಮಾಮಾ? ನೀನೂ ಹೇಳ್ತಿ. ಬ್ಯಾಂಕಿಗೆ ಹೋಗು, ಎಂಬಿಎ ಮಾಡು, ಮದುವಿಗೆ ಇಂಥವ್ನ ನೋಡು ಅಂತ. ಹಂಗಿದ್ರ ನನಗ ಧಾರವಾಡ ಛಲೋ."

ಈ ಪ್ರಶ್ನೆಗೆ ನಾನು ತಯಾರಾಗಿರಲಿಲ್ಲ. ಅವಳು ಹೇಳಿದ್ದು ನಿಜ. ಸಹಾಯ ಮಾಡಿದವನಿಗೆ ಬೆಳೆಯ ಮೇಲೆ ಹಕ್ಕು ಬೇಕು ಅನ್ನಿಸೋದು ಸಹಜ. ಎಷ್ಟು ಮನೆಗಳಲ್ಲಿ ಅಣ್ಣ ಓದಿಸಿದ ತಮ್ಮ ಜೀವನಪೂರ್ತಿ ಅಣ್ಣನ ಮುಂದೆ ಕೈಕಟ್ಟಿ ನಿಂತಿಲ್ಲ? ಲಾವಣಿಯಲ್ಲಿ ಕಷ್ಟವೆಲ್ಲ ಉಳುವವನದು, ಆದರೆ ಏನು ಬಿತ್ತಬೇಕು ಅನ್ನೋದೂ ಅವನದೇ. ಪಾಲಿನಲ್ಲಿ ಕಷ್ಟ ಹಂಚಿಹೋಗುತ್ತೆ, ಜೊತೆಗೆ ಸ್ವಾತಂತ್ರ್ಯವೂ ಹೋಗುತ್ತೆ. ಹಾಗಾದರೆ ನಷ್ಟದಲ್ಲಿ ಪಾಲು ತಗೊಂಡು ಬೆಳೆಯಲ್ಲಿ ಏನೂ ಕೇಳದ ವ್ಯವಹಾರ ಇದೆಯಾ? ಅಂಥದ್ದು ಯಾರಾದರೂ ಮಾಡ್ತಾರಾ?

ಒಳಗೆ ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಆ ಸಪ್ಪಳ ಕೇಳುತ್ತಲೇ ಇತ್ತು. ಅಕ್ಕ ನನ್ನ ಓದಿನಲ್ಲಿ ಬೀಜ ಹಾಕಿದ್ದಳು, ಗೊಬ್ಬರ ಹಾಕಿದ್ದಳು, ತನ್ನದೊಂದು ಪೂರಾ ಹಂಗಾಮು ಬಿಟ್ಟುಕೊಟ್ಟಿದ್ದಳು. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಪಾಲು ಕೇಳಿಲ್ಲ. ನಾನು ಯಾವ ಕಂಪನಿ ಬಿಟ್ಟೆ, ಯಾರನ್ನ ಮದುವೆ ಆದೆ, ಫ್ಲಾಟು ಎಲ್ಲಿ ತಗೊಂಡೆ, ಒಂದರಲ್ಲೂ ಮಾತು ಹೇಳಿಲ್ಲ. ಮೊದಲ ಸಲ ಕೇಳಿದ್ದು ಈಗ, ಅದೂ ತನಗಲ್ಲ. ಕೇಳಿದ್ದಾದರೂ ಏನು? ಒಂದು ಮಾತು.

ಹುಡುಗಿಗೆ ಹೇಳಿದೆ: "ನಷ್ಟದಾಗ ಅಷ್ಟ ನನ್ನ ಪಾಲು. ಬೆಳಿ ನಿಂದು. ನಾ ಏನರ ಹೇಳಾಕ ಬಂದ್ರ ನಿಮ್ಮವ್ವನ ಮುಖಾ ನೋಡು ಅನ್ನು, ಸುಮ್ನಾಗ್ತೀನಿ." ಅವಳು ನಕ್ಕಳು. ಅಕ್ಕ ಒಳಗಿಂದ, ಏನಾಯ್ತು ಅಂತ ಕೇಳಿದಳು. ಏನಿಲ್ಲ ಅಂದೆವು.

ಹುಡುಗಿ ಈಗ ಅಲ್ಲಿ ಓದುತ್ತಿದ್ದಾಳೆ. ಇದು ಗೆದ್ದ ಕಥೆ ಅಂತ ತಿಳೀಬೇಡಿ. ಮೊದಲ ಸೆಮಿಸ್ಟರ್‌ನಲ್ಲಿ ಇಂಗ್ಲಿಷ್ ಬರವಣಿಗೆಯಲ್ಲಿ ಕಷ್ಟಪಟ್ಟಳು. ಸುತ್ತಲಿನವರು ರಜೆಗೆ ಎಲ್ಲಿಗೆ ಹೋಗಿದ್ವಿ ಅಂತ ಮಾತಾಡುವಾಗ ಇವಳು ಸುಮ್ಮನಿರ್ತಾಳಂತೆ. ಮುಂದೆ ಕೆಲಸ ಸಿಗುತ್ತೋ, ಎಷ್ಟು ಸಂಬಳವೋ, ಗೊತ್ತಿಲ್ಲ. ನನ್ನ ಹೆಂಡತಿ ಫ್ಲಾಟಿನ ಕಾಗದದ ಬಗ್ಗೆ ಆಗಾಗ ನೆನಪು ಮಾಡ್ತಾಳೆ. ಆಕೆಯನ್ನ ಮೊದಲೇ ಕೇಳದೆ ಮಾತು ಕೊಟ್ಟದ್ದು ನನ್ನ ತಪ್ಪು, ಅದನ್ನೂ ಇಲ್ಲಿ ಬರೆದಿಡ್ತೀನಿ. ಪಾಲು ಅಂದರೆ ರಾತ್ರಿ ಕೆಲವೊಮ್ಮೆ ನಿದ್ದೆ ಬರದಿರೋದು ಅಂತ ಈಗ ಗೊತ್ತಾಗಿದೆ. ಲಾವಣಿಯ ದಿನಗಳಲ್ಲಿ ಚೆನ್ನಾಗಿ ನಿದ್ದೆ ಬರ್ತಿತ್ತು.

ದೀಪಾವಳಿಗೆ ಬಂದಾಗ ಹುಡುಗಿ ಅಜ್ಜನ ಪಕ್ಕ ಕೂತು ನೋಟ್‌ಬುಕ್ ತೆಗೆದಳು. ಕ್ಲಾಸಿನಲ್ಲಿ ಪಾಲಿನ ಬೇಸಾಯದ ಪಾಠ ಆಗಿತ್ತಂತೆ. ಪಾಲಿಗೆ ಮಾಡುವವನಿಗೆ ಬೆಳೆಯಲ್ಲಿ ಅರ್ಧವೇ ಸಿಗೋದರಿಂದ ಅವನು ಪೂರ್ತಿ ಮನಸ್ಸಿಟ್ಟು ದುಡಿಯೋದಿಲ್ಲ, ಹಾಗಾಗಿ ಅದು ಹಿಂದುಳಿದ ಪದ್ಧತಿ ಅಂತ ಆಲ್ಫ್ರೆಡ್ ಮಾರ್ಷಲ್ ಥರದ ಹಳೆಯ ಅರ್ಥಶಾಸ್ತ್ರಜ್ಞರ ವಾದ. 1969ರಲ್ಲಿ ಸ್ಟೀವನ್ ಚಿಯಂಗ್, 1974ರಲ್ಲಿ ಜೋಸೆಫ್ ಸ್ಟಿಗ್ಲಿಟ್ಸ್ ಬೇರೆ ಥರ ನೋಡಿದರು. ಮಳೆ ನೆಚ್ಚಲಾಗದ ಕಡೆ ಅದು ಅಪಾಯ ಹಂಚಿಕೊಳ್ಳುವ ಉಪಾಯ ಅಂತ ಸ್ಟಿಗ್ಲಿಟ್ಸ್ ತೋರಿಸಿದರು. ಅಜ್ಜ ಎಲ್ಲ ಕೇಳಿ ಹೇಳಿದರು: "ಅರ್ಧಾ ದುಡಿತಾರ ಅಂದವ ಬಿತ್ತಿಲ್ಲ. ಹೆಸರ ಕಿತ್ತುವಾಗ ಮಳಿ ಬಂದ್ರ ಅರ್ಧಾ ಓಡಾಕ ಬರತೈತೇನು?" ಅವಳು ಅದನ್ನೂ ಬರೆದುಕೊಂಡಳು. ಅಪ್ಪ ತನ್ನ ಬದುಕಿನ ಬಗ್ಗೆ ಯಾರಿಗಾದರೂ ಅಷ್ಟು ಹೊತ್ತು ಹೇಳಿದ್ದನ್ನ ನಾನು ನೋಡೇ ಇರಲಿಲ್ಲ. ನಾನು ಬಿಇ ಓದಿದ ನಾಲ್ಕು ವರ್ಷದಲ್ಲಿ ಅಪ್ಪನಿಗೆ ಒಂದು ಪ್ರಶ್ನೆ ಕೇಳುವಂಥದ್ದು ಏನೂ ನನ್ನ ಸಿಲೆಬಸ್‌ನಲ್ಲಿ ಇರಲಿಲ್ಲ.

ಇಷ್ಟು ಬರೆದ ಮೇಲೂ ಒಂದು ಮುಜುಗರ ಉಳಿದಿದೆ. ನಮ್ಮ ಹುಡುಗಿಗೆ ಅಡ ಇಡಲು ಫ್ಲಾಟ್ ಇರುವ ಮಾಮಾ ಇದ್ದಾನೆ. ಪಕ್ಕದ ಓಣಿಯ ಹುಡುಗಿಗೆ ಇಲ್ಲ. ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ಎಷ್ಟೋ ಹುಡುಗಿಯರಿಗೆ ಇಲ್ಲ. ಅವರಿಗೆ ಪಾಲುದಾರ ಯಾರು? ಅದಕ್ಕೇ ನನಗೆ ಈಗ ಸರ್ಕಾರಿ ಕಾಲೇಜಿನ ಸಾವಿರ ರೂಪಾಯಿ ಫೀಸು ಬೇರೆ ಥರ ಕಾಣುತ್ತೆ. ಅದು ಅಗ್ಗದ ಸರಕು ಅಲ್ಲ. ಇಡೀ ನಾಡು ಒಂದು ಮಗುವಿನ ನಷ್ಟದಲ್ಲಿ ಪಾಲು ತಗೊಂಡು, ನೀನು ಇಂಥದ್ದನ್ನೇ ಬಿತ್ತು ಅಂತ ಹೇಳದೆ ಇರುವ ವ್ಯವಹಾರ ಅದು. ನಾನು ಓದಿದ ಸಿಇಟಿ ಸೀಟಿನಲ್ಲೂ ಗುರುತೇ ಇಲ್ಲದ ಸಾವಿರಾರು ಜನರ ಪಾಲಿತ್ತು. ಅವರು ಯಾರೂ ಫೋನ್ ಮಾಡಿ ಕೇಳಿಲ್ಲ. ಆ ಕಾಲೇಜುಗಳಲ್ಲಿ ಪಾಠ ಹೇಳುವ ಹುದ್ದೆಗಳು ಖಾಲಿ ಬಿದ್ದಾಗ, ಸ್ಕಾಲರ್‌ಶಿಪ್ ತಡವಾದಾಗ, "ತೆರಿಗೆ ಕಟ್ಟೋರು ನಾವು" ಅಂತ ವಾಟ್ಸ್ಯಾಪಿನಲ್ಲಿ ಗೊಣಗುವ ನಾವು ನಮ್ಮ ಪಾಲಿನಿಂದ ಹಿಂದೆ ಸರೀತಿದ್ದೀವಿ ಅಷ್ಟೇ.

ಈ ಏಪ್ರಿಲ್‌ನಲ್ಲಿ ಮತ್ತೆ ಫೋನ್ ಬಂದವು. ಈಗ ನಾನು ಮೊದಲು ಒಂದು ಲೆಕ್ಕ ಮಾಡ್ತೀನಿ. ಇದರಲ್ಲಿ ಸೋತರೆ ನಾನು ಏನು ಕೊಡಬಲ್ಲೆ? ಆರು ತಿಂಗಳ ಪಿಜಿ ಬಾಡಿಗೆ? ಭಾನುವಾರಕ್ಕೊಮ್ಮೆ ಎರಡು ತಾಸು ಗಣಿತ? ಒಂದು ಸಹಿ? ಏನಾದರೂ ಕೊಡುವಂತಿದ್ದರೆ ಸಲಹೆ ಹೇಳ್ತೀನಿ. ಇಲ್ಲದಿದ್ದರೆ ನನಗೆ ಗೊತ್ತಿರುವ ಮಾಹಿತಿ ಹೇಳಿ, ತೀರ್ಮಾನ ನಿಮ್ಮದು ಅಂತೀನಿ. ಬಹಳ ಸಲ ಹೀಗೇ ಆಗುತ್ತೆ. ಊರಲ್ಲಿ ನನ್ನ ಮರ್ಯಾದೆ ಸ್ವಲ್ಪ ಕಡಿಮೆಯಾಗಿದೆ. ಮೊದಲಿನಂಗ ದಿಟ್ಟ ಮಾತಾಡೂದಿಲ್ಲ ಅಂವಾ, ಬೆಂಗಳೂರ ನೀರ ಹತ್ತೈತಿ ಅಂತಾರಂತೆ. ಅಕ್ಕ ಫೋನಿನಲ್ಲಿ ಹೇಳಿ ನಕ್ಕಳು.